ಲೊಕ್ಕಿಗುಂಡಿಯ ಹಂಸವ್ವ ಮತ್ತು ಕೀಲಪ್ಪ: ವಿಚಿತ್ರ ಪಾತ್ರಗಳನ್ನು ಕ್ಯಾಂಪೇನಿಗೆ ಹೊಂದಿಸಿದ ಒಂದು ಪ್ರಕರಣ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಮನೆಯ ಮಹಡಿ, ರವಿವಾರ ಮಧ್ಯಾಹ್ನ ಮೂರರಿಂದ ಆರೂವರೆ. ಐವರು ಆಟಗಾರರು, ಕಥೆ ನಡೆಸುವ ಒಬ್ಬ ಗೇಮ್ ಮಾಸ್ಟರ್. ಇಬ್ಬರು ಧಾರವಾಡದಿಂದ ಚಿಗರಿ ಬಸ್ಸಿಗೆ ಬರುವವರಾದ್ದರಿಂದ ಆಟ ಎಳೆದಾಡಲು ಆಸ್ಪದವಿಲ್ಲ. ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಎಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಎಸೆದು ಆಡುವ ಕಥೆಯಾಟ; ಐದನೇ ಆವೃತ್ತಿ, 2014ರ ನಿಯಮಗಳು. ಎಂಟು ಸೆಷನ್‌ಗಳ ಕ್ಯಾಂಪೇನ್ (ಕಂತುಗಳಲ್ಲಿ ಸಾಗುವ ಒಂದೇ ಕಥೆ), ಒಂದನೇ ಲೆವೆಲ್‌ನಲ್ಲಿ ಶುರುವಾಗಿ ಐದಕ್ಕೆ ಮುಗಿಯಬೇಕು.

ಕಥೆ ನಡೆಯುವುದು 1190ರ ದಶಕದ ಲೊಕ್ಕಿಗುಂಡಿಯಲ್ಲಿ, ಅಂದರೆ ಗದಗಿನ ಪಕ್ಕದ ಇಂದಿನ ಲಕ್ಕುಂಡಿಯಲ್ಲಿ. ಗೇಮ್ ಮಾಸ್ಟರ್ ಈ ಊರನ್ನು ಆರಿಸಿಕೊಂಡದ್ದಕ್ಕೆ ಗಟ್ಟಿ ಕಾರಣಗಳಿದ್ದವು. ಕಲ್ಯಾಣದ ಚಾಲುಕ್ಯರ ಕಾಲದಿಂದ ಇಲ್ಲಿ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣ ಎಂಬ ಹೊನ್ನಿಗೆ ಹೆಸರು ಬಂದದ್ದೇ ಈ ಊರಿಂದ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಇದೆ. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತಿಗೆ ತಕ್ಕಂತೆ ಮೆಟ್ಟಿಲುಬಾವಿಗಳಿವೆ. ಮೇಲಾಗಿ ಅದು ರಾಜ್ಯ ಕೈ ಬದಲಾದ ಕಾಲ: ಸೊರಟೂರಿನಲ್ಲಿ ಸೇವುಣರನ್ನು ಸೋಲಿಸಿದ ಹೊಯ್ಸಳ ಇಮ್ಮಡಿ ಬಲ್ಲಾಳ ಲೊಕ್ಕಿಗುಂಡಿಯನ್ನೇ ನೆಲೆವೀಡು ಮಾಡಿಕೊಂಡ. ಹೊಸ ದೊರೆ, ಹಳೆ ಅಧಿಕಾರಿಗಳು, ನಡುವೆ ಕಳುವಾದ ಒಂದು ನಾಣ್ಯದ ಅಚ್ಚು. ಹಗುರ ಗದ್ಯಾಣಗಳು ಸಂತೆಯಲ್ಲಿ ಓಡಾಡತೊಡಗಿವೆ, ಅಚ್ಚು ಹುಡುಕಬೇಕು. ಇಷ್ಟು ಕಥೆ.

ಬರೆಯುವಾಗ ಅವನ ತಲೆಯಲ್ಲಿ ಇದ್ದವರು ಐವರು ಮನುಷ್ಯರು. ಆಟಕ್ಕೆ ಮೊದಲು ಪಾತ್ರಗಳನ್ನು ಗೊತ್ತು ಮಾಡಲು ಸೇರುವ ಸೆಷನ್ ಝೀರೋದಲ್ಲಿ ಬಂದದ್ದು ಬೇರೆ. ಒಬ್ಬಳಿಗೆ ಆರಾಕೋಕ್ರಾ, ಎಂದರೆ ಹಾರುವ ಹಕ್ಕಿ ಮನುಷ್ಯ ಬೇಕು. ಒಬ್ಬನಿಗೆ ವಾರ್ಫೋರ್ಜ್ಡ್, ಎಂದರೆ ಜೀವವಿರುವ ಯಂತ್ರ. ಮೂರನೆಯವನಿಗೆ ರೂಪ ಬದಲಿಸುವ ಚೇಂಜ್‌ಲಿಂಗ್. ಉಳಿದ ಇಬ್ಬರು ಮಾತ್ರ ಊರಿಗೆ ಒಪ್ಪುವ ಪಾತ್ರ ತಂದಿದ್ದರು: ಬಮ್ಮಯ್ಯ ಎಂಬ ದಂಡಿನ ಮನೆತನದ ರೇಂಜರ್ (ಕಾಡು ಬಲ್ಲ ಯೋಧ), ಬಸದಿಯ ವೈದ್ಯೆಯಾದ ಕ್ಲೆರಿಕ್ (ದೈವಬಲದಿಂದ ಮಂತ್ರ ಹಾಕುವವಳು).

"ಅಣ್ಣಾ, ನಂದು ಹಕ್ಕಿ ಐತಿ. ಐವತ್ತು ಫೂಟ್ ಹಾರತೈತಿ."

"ನೀ ಹಾರಿದ ಮ್ಯಾಲೆ ಉಳಿದ ನಾಕ ಮಂದಿ ಏನ್ ಮಾಡ್ಬೇಕವಾ? ಕೆಳಗ ನಿಂತು ನೋಡ್ಬೇಕೇನು?"

ಇಂಥ ಹೊತ್ತಿನಲ್ಲಿ ಬಹಳಷ್ಟು ಮೇಜುಗಳು ಮಾಡುವ ಕೆಲಸ ಒಂದೇ. ಆಟಗಾರನಿಗೆ ಎರಡು ಪುಟ ಪೂರ್ವಕಥೆ ಬರೆದು ತರಲು ಹೇಳುತ್ತಾರೆ. ಅದು ಚಂದ ಇದ್ದರೆ ಪಾತ್ರ ಒಳಗೆ, ಇಲ್ಲದಿದ್ದರೆ ಹೊರಗೆ. ಪೂರ್ವಕಥೆಯಿಂದ ಪಾತ್ರ ಎಲ್ಲಿಂದ ಬಂತೆಂದು ತಿಳಿಯುತ್ತದೆ, ಆದರೆ ಸುಂಕದ ಕಟ್ಟೆಯಲ್ಲಿ ಅದನ್ನು ಕಂಡವರು ಏನು ಮಾಡುತ್ತಾರೆ, ಬಾವಿಯಲ್ಲಿ ಅದು ಮುಳುಗುತ್ತದೋ ಇಲ್ಲವೋ, ಪಕ್ಕದಲ್ಲಿ ಕೂತ ಆಟಗಾರನಿಗೆ ಮಾತಾಡಲು ಹೊತ್ತು ಸಿಗುತ್ತದೋ ಇಲ್ಲವೋ ತಿಳಿಯುವುದಿಲ್ಲ. ಪಾತ್ರ ಹೊಂದುವುದು ಬಿಡುವುದು ಈ ಮೂರರ ಮೇಲೆಯೇ ನಿಂತಿದೆ. ಈ ಗೇಮ್ ಮಾಸ್ಟರ್ ಒಂದು ವಾರ ಸಮಯ ಕೇಳಿ, ಮೊದಲು ತನ್ನ ದೃಶ್ಯಗಳ ಪಟ್ಟಿ ಹಿಡಿದು ಕೂತ.

ಯಾವ ದೃಶ್ಯ ಒಡೆಯುತ್ತದೆ

ಕೆಲಸ ಸರಳ, ಆದರೆ ಯಾರೂ ಮಾಡುವುದಿಲ್ಲ. ಬರೆದಿಟ್ಟ ದೃಶ್ಯಗಳನ್ನೆಲ್ಲ ಒಂದರ ಕೆಳಗೊಂದು ಬರೆಯಬೇಕು. ಪ್ರತಿಯೊಂದರ ಮುಂದೆ, ಅದರ ಕಷ್ಟ ಯಾವುದರ ಮೇಲೆ ನಿಂತಿದೆ ಎಂಬುದನ್ನು ಒಂದೇ ಪದದಲ್ಲಿ ಬರೆಯಬೇಕು: ಎತ್ತರ, ಉಸಿರು, ಹಸಿವು, ವಿಷ, ನಿದ್ದೆ, ಗುರುತು, ಹಣ. ಆಮೇಲೆ ಪಾತ್ರದ ಶಕ್ತಿಗಳನ್ನು ಆ ಪಟ್ಟಿಗೆ ಒರೆ ಹಚ್ಚಬೇಕು.

ಹಕ್ಕಿಗೆ ಒಡೆದದ್ದು ಎತ್ತರವಿದ್ದ ದೃಶ್ಯಗಳೆಲ್ಲ: ಕೋಟೆಯ ಮೂವತ್ತು ಅಡಿ ಗೋಡೆ, ಕಪ್ಪತಗುಡ್ಡ ಹತ್ತುವಾಗಿನ ಕಡಿದಾದ ಬಂಡೆ, ನಲವತ್ತು ಅಡಿ ಆಳದ ಒಣಬಾವಿಯ ಮೆಟ್ಟಿಲುಗಳಲ್ಲಿ ಹೂಡಿದ್ದ ಬಲೆಗಳು. ಯಂತ್ರಕ್ಕೆ ಒಡೆದದ್ದು ಬೇರೆ ಸಾಲು. ವಾರ್ಫೋರ್ಜ್ಡ್ ಉಣ್ಣಬೇಕಿಲ್ಲ, ಕುಡಿಯಬೇಕಿಲ್ಲ, ಉಸಿರಾಡಬೇಕಿಲ್ಲ, ಮಲಗಬೇಕಿಲ್ಲ. ವಿಷದ ಹಾನಿ ಅರ್ಧ, ವಿಷವೇರದಂತೆ ತಡೆಯಲು ಎಸೆಯುವ ದಾಳಕ್ಕೆ, ಎಂದರೆ ಸೇವಿಂಗ್ ಥ್ರೋಗೆ ಅಡ್ವಾಂಟೇಜ್ (ಎರಡು ಸಲ ಎಸೆದು ದೊಡ್ಡದನ್ನು ಹಿಡಿಯುವುದು), ರೋಗ ತಾಗುವುದಿಲ್ಲ. ಆರ್ಮರ್ ಕ್ಲಾಸ್‌ಗೆ, ಎಂದರೆ ಹೊಡೆತ ತಾಗಲು ಶತ್ರುವಿನ ದಾಳ ಮುಟ್ಟಬೇಕಾದ ಅಂಕಿಗೆ, ಒಂದು ಹೆಚ್ಚು. ಬಿಸಿಲಲ್ಲಿ ನೀರಿಲ್ಲದ ನಡಿಗೆ, ವಿಷವಿಕ್ಕಿದ ಔತಣ, ನೀರು ತುಂಬುವ ಬಾವಿ, ನಡುರಾತ್ರಿಯ ದಾಳಿ, ಎಲ್ಲವೂ ಸಡಿಲ.

ಒಡೆಯುತ್ತದೆ ಅಂದ ಮಾತ್ರಕ್ಕೆ ಬದಲಿಸಬೇಕೆಂದೇನೂ ಇಲ್ಲ. ಔತಣದ ದೃಶ್ಯವೇ ಇದಕ್ಕೆ ಒಳ್ಳೆ ಉದಾಹರಣೆ. ರಾತ್ರಿ ಊಟ, ಐವರೂ ಅನ್ನ ಉಂಡು ಉರುಳಬೇಕು ಎಂಬುದು ಮೂಲ ಲೆಕ್ಕ. ಪಟ್ಟಿ ನೋಡಿದರೆ ಯಂತ್ರ ಉಣ್ಣುವುದೇ ಇಲ್ಲ. ಬಸದಿಯ ವೈದ್ಯೆ ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ. ವಿಚಿತ್ರ ಪಾತ್ರದ ಮೇಲೆ ಕಣ್ಣಿಟ್ಟು ಕೂತವನಿಗೆ ಸಾಮಾನ್ಯ ಪಾತ್ರವೂ ಅದೇ ದೃಶ್ಯ ಒಡೆಯುತ್ತದೆ ಎಂಬುದು ಆಗಲೇ ಕಂಡದ್ದು. ದೃಶ್ಯವನ್ನು ಇದ್ದ ಹಾಗೆಯೇ ಬಿಟ್ಟ. ಆಟದಲ್ಲಿ ಮೂವರು ಉರುಳಿದರು, ಇಬ್ಬರು ಎದ್ದು ನಿಂತರು. ಒಬ್ಬಳಿಗೆ ಚಿಕಿತ್ಸೆ ಬರುತ್ತದೆ, ಇನ್ನೊಬ್ಬನಿಗೆ ಬಾಗಿಲು ಕಾಯಲು ಬರುತ್ತದೆ. ಅದಕ್ಕಿಂತ ಚಲೋ ಜೋಡಿ ಬೇಕೆಂದು ಬರೆದರೂ ಸಿಗುತ್ತಿರಲಿಲ್ಲ.

ಚೇಂಜ್‌ಲಿಂಗ್ ವಿಷಯ ಬೇರೆ ಬಗೆಯ ತೊಡಕು. ಕಥೆಯ ಗುಟ್ಟೇ ಅದು: ಟಂಕಸಾಲೆಯ ಅಧಿಕಾರಿಯ ವೇಷದಲ್ಲಿ ಅಚ್ಚು ಕದ್ದವನು ರೂಪ ಬದಲಿಸುವವನು. ಹೂಂ ಅಂದರೆ ಗುಟ್ಟು ಮೊದಲ ದಿನವೇ ಮೇಜಿನ ಮೇಲೆ. ಎಲ್ಲರ ಮುಂದೆ ಅದೊಂದನ್ನೇ ಬೇಡ ಅಂದರೂ ಅಷ್ಟೇ, ಜಾಣ ಆಟಗಾರ ಕಾರಣ ಊಹಿಸುತ್ತಾನೆ. ನಿಷೇಧದ ಪಟ್ಟಿಯನ್ನು ಸೆಷನ್ ಝೀರೋಗೆ ಮೊದಲೇ, ಹತ್ತಾರು ಹೆಸರಿನ ನಡುವೆ ಸೇರಿಸಿ ಕಳಿಸಿದ್ದರೆ ಈ ಪೇಚು ಇರುತ್ತಿರಲಿಲ್ಲ. ಕಡೆಗೆ ಅವನು ಬೇಡ ಎಂದೇ ಹೇಳಿ, ಕಳ್ಳನನ್ನು ಬದಲಿಸಿದ: ಅಧಿಕಾರಿಯೇ ಕಳ್ಳ, ವೇಷವೂ ಇಲ್ಲ, ಮಾಯೆಯೂ ಇಲ್ಲ. ಊಹಿಸಿದ ಆಟಗಾರ ಐದು ಸೆಷನ್ ಇಲ್ಲದ ವೇಷಧಾರಿಯನ್ನು ಹುಡುಕಿದ. ಅವನು ಕೊನೆಗೆ ಆಡಿದ್ದು ಗದ್ಯಾಣ ತೂಗಿ ನೋಡುವ ನಾಣ್ಯ ಪರೀಕ್ಷಕನನ್ನು, ವಿಝರ್ಡ್ (ಮಂತ್ರವಾದಿ) ವರ್ಗದಲ್ಲಿ.

ಹಾರಾಟದ ಲೆಕ್ಕ

ಮೊದಲ ಲೆವೆಲ್‌ನಲ್ಲಿ ಹಾರಾಟ ಯಾಕೆ ತೊಂದರೆ ಎಂಬುದಕ್ಕೆ ನಿಯಮಗಳೊಳಗೇ ಒಂದು ಅಳತೆಗೋಲಿದೆ. ವಿಝರ್ಡ್‌ಗೆ ಹಾರುವ ಮಂತ್ರ ಸಿಗುವುದು ಐದನೇ ಲೆವೆಲ್‌ನಲ್ಲಿ. ಅದೂ ಹತ್ತು ನಿಮಿಷ, ಏಕಾಗ್ರತೆ ತಪ್ಪಿದರೆ ಬಿದ್ದ. ಆರಾಕೋಕ್ರಾದ 2015ರ ರೂಪಕ್ಕೆ ಒಂದು ಸರದಿಗೆ ನಡಿಗೆ 25 ಅಡಿ, ಹಾರಾಟ 50 ಅಡಿ, ಮೊದಲ ದಿನದಿಂದ, ದಿನವಿಡೀ. 2022ರಲ್ಲಿ ಪರಿಷ್ಕರಿಸಿದ ರೂಪದಲ್ಲಿ ನಡಿಗೆ 30, ಹಾರಾಟವೂ ಅಷ್ಟೇ. ಎರಡರಲ್ಲೂ ಮಧ್ಯಮ ಅಥವಾ ಭಾರಿ ಕವಚ ತೊಟ್ಟರೆ ಹಾರಲಾಗದು. ಈ ಮೇಜಿನಲ್ಲಿ ಎರಡನೆಯದನ್ನು ಇಟ್ಟುಕೊಂಡರು. ಐವತ್ತು ಮೂವತ್ತಾದರೆ ಹಕ್ಕಿ ಉಳಿದವರ ಜೊತೆಗೇ ಸಾಗುತ್ತದೆ.

ಹಾರಾಟ ಹಕ್ಕಿಗೇ ಎಷ್ಟು ಅಪಾಯ ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ಈ ಪಾತ್ರ ರೋಗ್ (ಕಳ್ಳಗೈಯ ಚುರುಕಿನವರ) ವರ್ಗದ್ದು, ಒಂದನೇ ಲೆವೆಲ್‌ನಲ್ಲಿ 9 ಹಿಟ್ ಪಾಯಿಂಟ್, ಎಂದರೆ ತಡೆದುಕೊಳ್ಳಬಲ್ಲ ಹಾನಿ. ತೊಗಲಿನ ಕವಚ ಮತ್ತು ಚುರುಕುತನ ಸೇರಿ ಆರ್ಮರ್ ಕ್ಲಾಸ್ 14. ಸಾಮಾನ್ಯ ದರೋಡೆಕೋರನ ಅಡ್ಡಬಿಲ್ಲಿಗೆ ಇಪ್ಪತ್ತು ಮುಖದ ದಾಳದ ಮೇಲೆ +3, ಎಂದರೆ ಎರಡು ಬಾಣಕ್ಕೆ ಒಂದು ತಾಗುತ್ತದೆ. ತಾಗಿ ಸೊನ್ನೆಗಿಳಿದರೆ ಹಕ್ಕಿ ಬೀಳುತ್ತದೆ. ಬಿದ್ದ ಪ್ರತಿ ಹತ್ತು ಅಡಿಗೆ ಒಂದು ಆರು ಮುಖದ ದಾಳದಷ್ಟು ಹಾನಿ. ಸೊನ್ನೆಯಲ್ಲಿರುವಾಗ ಒಂದೇ ಪೆಟ್ಟಿಗೆ ತನ್ನ ಗರಿಷ್ಠ ಹಿಟ್ ಪಾಯಿಂಟ್‌ನಷ್ಟು ಅಥವಾ ಹೆಚ್ಚು ಹಾನಿಯಾದರೆ, ಡೆತ್ ಸೇವ್ (ಬದುಕುಳಿಯಲು ಎಸೆಯುವ ದಾಳ) ಇಲ್ಲದೆ ನೇರ ಸಾವು. ಇಪ್ಪತ್ತು ಅಡಿಯಿಂದ ಬಿದ್ದರೆ ಎರಡು ದಾಳದಲ್ಲಿ ಒಂಬತ್ತು ಅಥವಾ ಹೆಚ್ಚು ಬೀಳುವ ಸಂಭವ ಶೇ. 28. ಮೂವತ್ತು ಅಡಿಯಿಂದ ಶೇ. 74. ಅರವತ್ತು ಅಡಿಯಿಂದ ಸರಾಸರಿ ಹಾನಿಯೇ 21, ಬದುಕುವ ಮಾತೇ ಇಲ್ಲ. ಈ ಅಂಕಿಗಳನ್ನು ಆಟಗಾರ್ತಿಯ ಮುಂದಿಟ್ಟಾಗ ಚೌಕಾಸಿ ಅರ್ಧ ಮುಗಿದಂತಾಯಿತು.

ಉಳಿದರ್ಧಕ್ಕೆ ಮೂರು ಪ್ರಶ್ನೆ ಕೇಳಿದ. ಮೊದಲ ಸೆಷನ್‌ನಲ್ಲಿ ಈ ಪಾತ್ರ ಏನು ಮಾಡುವುದು ನಿನ್ನ ಕಣ್ಣಿಗೆ ಕಟ್ಟಿದೆ? ಈ ಒಂದು ಶಕ್ತಿ ತೆಗೆದರೂ ಇದನ್ನೇ ಆಡುತ್ತೀಯಾ? ಉಳಿದ ನಾಲ್ವರಲ್ಲಿ ಯಾರಿಲ್ಲದೆ ಇದಕ್ಕೆ ನಡೆಯದು? ಎರಡನೆಯ ಪ್ರಶ್ನೆಗೆ ಇಲ್ಲ ಅಂದರೆ ಆಟಗಾರನಿಗೆ ಬೇಕಿರುವುದು ಶಕ್ತಿ ಮಾತ್ರ, ಪಾತ್ರವಲ್ಲ. ಹಾಗಿದ್ದರೆ ಬೇರೆ ಮಾತು. ಅವಳು ಹೂಂ ಅಂದಳು. ಅವಳಿಗೆ ಬೇಕಿದ್ದದ್ದು ವಲಸೆ ಬಂದವಳು, ಊರು ಪೂರ್ತಿ ನಂಬದವಳು, ಮೇಲಿಂದ ಊರನ್ನು ನೋಡಿದವಳು.

ಗದಗ ಜಿಲ್ಲೆಯಲ್ಲಿ ಅಂಥವರಿಗೆ ಹುಡುಕಬೇಕಿಲ್ಲ. ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿತು. ಕೆರೆಯಲ್ಲಿ ತಂಗಿ, ಸುತ್ತಲ ಹೊಲದಲ್ಲಿ ಮೇಯುವ ಹಕ್ಕಿಗಳು. ಇದನ್ನೇ ಆಟಕ್ಕೆ ತಂದರು. ಲೊಕ್ಕಿಗುಂಡಿಯ ರೈತರಿಗೆ ಹೆಬ್ಬಾತು ಕುಲದವರು ವಿಸ್ಮಯವೇನಲ್ಲ, ವರ್ಷಾವರ್ಷ ಬಂದು ಜೋಳ, ಕಡಲೆ ಮೇಯುವ ಕಿರಿಕಿರಿ. ಬೆರಗಿಗೆ ಒಂದೇ ಸಲ ಬೆಲೆ, ದೂರಿಗೆ ಪ್ರತಿ ಸೆಷನ್ನೂ ಬೆಲೆ. ಊರವರು ಅವಳಿಗೆ ಹಂಸವ್ವ ಅಂತ ಹೆಸರಿಟ್ಟರು.

ಹೆಬ್ಬಾತಿನಿಂದ ಇನ್ನೊಂದು ಲಾಭ ಸಿಕ್ಕಿತು. ಬಾತು ಜಾತಿಯ ಹಕ್ಕಿಗಳು ಗರಿ ಉದುರಿಸುವಾಗ ಹಾರುವ ಗರಿಗಳೆಲ್ಲ ಒಟ್ಟಿಗೆ ಬಿದ್ದು, ಕೆಲವು ವಾರ ಹಾರಲಾರದೆ ಇರುತ್ತವೆ. ಹಂಸವ್ವನ ಗರಿಗಳನ್ನು ಬೇಟೆಗಾರರು ಕತ್ತರಿಸಿದ್ದಾರೆ, ಗುಂಪು ಬಿಟ್ಟುಹೋಗಿದೆ, ಗರಿ ಮತ್ತೆ ಬೆಳೆಯುತ್ತಿದೆ. ಆಮೇಲೆ ನಿಯಮ ತಾನಾಗಿಯೇ ಕೂತಿತು:

ಒಂದು ಮತ್ತು ಎರಡನೇ ಲೆವೆಲ್‌ನಲ್ಲಿ ತೇಲಾಟ ಮಾತ್ರ. ಎಚ್ಚರವಿದ್ದು ರೆಕ್ಕೆ ಬಿಚ್ಚಲು ಬಂದರೆ ಬಿದ್ದ ಹಾನಿ ಇಲ್ಲ, ಒಂದು ಅಡಿ ಇಳಿದರೆ ಎರಡು ಅಡಿ ಮುಂದಕ್ಕೆ.

ಮೂರು ಮತ್ತು ನಾಲ್ಕರಲ್ಲಿ 30 ಅಡಿ ಹಾರಾಟ, ಆದರೆ ಸರದಿ ಮುಗಿಯುವಾಗ ಗಟ್ಟಿ ಜಾಗದ ಮೇಲೆ ಇರಬೇಕು. ಇಲ್ಲದಿದ್ದರೆ ಬೀಳುತ್ತಾಳೆ.

ಐದರಲ್ಲಿ ಪೂರ್ತಿ. ಅದೇ ಲೆವೆಲ್‌ನಲ್ಲಿ ನಾಣ್ಯ ಪರೀಕ್ಷಕನಿಗೂ ಹಾರುವ ಮಂತ್ರ ಸಿಗುವುದರಿಂದ ಯಾರಿಗೂ ಅನ್ಯಾಯವಿಲ್ಲ.

ಮುಖ್ಯ ಶಕ್ತಿಯನ್ನು ಮುಂದಕ್ಕೆ ಹಾಕಿದ ಮೇಲೆ ಬದಲಿಗೆ ಏನಾದರೂ ಕೊಡಲೇಬೇಕು. ಪರ್ಸೆಪ್ಶನ್ (ಸುತ್ತಲಿನದನ್ನು ಗಮನಿಸುವ) ಕೌಶಲ ಪುಕ್ಕಟೆ ಕೊಟ್ಟ. ಕೊಡದಿದ್ದರೆ ಎರಡನೇ ಸೆಷನ್‌ನಲ್ಲೇ ಆಟಗಾರ್ತಿಗೆ ತಾನು ಬರೀ ದುರ್ಬಲ ಮನುಷ್ಯಳನ್ನು ಆಡುತ್ತಿದ್ದೇನೆ ಅನ್ನಿಸುತ್ತದೆ.

ಮೇಜಿನ ಮೇಲೆ ಎತ್ತರ ತೋರಿಸಲು ದುಬಾರಿ ಸಾಮಾನು ಬೇಡ. ಲೂಡೋ ಕಾಯಿಯ ಪಕ್ಕ ಒಂದು ಆರು ಮುಖದ ದಾಳ ಇಟ್ಟರೆ ಸಾಕು, ಮೇಲಿನ ಅಂಕಿಯ ಹತ್ತರಷ್ಟು ಅಡಿ ಎತ್ತರ. ದೂರ ಅಳೆಯುವಾಗ ಅಡ್ಡ ಮತ್ತು ಎತ್ತರ ಎರಡರಲ್ಲಿ ದೊಡ್ಡದನ್ನೇ ಹಿಡಿಯಬೇಕು. ಅಡ್ಡ 40, ಎತ್ತರ 30 ಇದ್ದರೆ ದೂರ 40. ಕರ್ಣದ ಗಣಿತ ಮಾಡುತ್ತ ಕೂತರೆ ಆರೂವರೆಯ ಬಸ್ಸು ತಪ್ಪುತ್ತದೆ.

ಯಂತ್ರ ಯಾರದು?

ಕಬ್ಬಿಣದ ಮನುಷ್ಯನಿಗೆ ಹನ್ನೆರಡನೇ ಶತಮಾನದ ಗದಗಿನಲ್ಲಿ ಜಾಗ ಎಲ್ಲಿಂದ ತರುವುದು? ಜಾಗ ಇದೆ. ಧಾರೆಯ ಪರಮಾರ ದೊರೆ ಭೋಜನ ಹೆಸರಿನಲ್ಲಿರುವ ಹನ್ನೊಂದನೇ ಶತಮಾನದ ಸಮರಾಂಗಣಸೂತ್ರಧಾರದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯವಿದೆ. ಬಾಗಿಲು ಕಾಯುವ ಮರದ ಗೊಂಬೆಗಳ ಮಾತೂ ಅಲ್ಲಿ ಬರುತ್ತದೆ. ಚಾಲುಕ್ಯ ಒಂದನೇ ಸೋಮೇಶ್ವರ ಅದೇ ಧಾರೆಯ ಮೇಲೆ ದಂಡೆತ್ತಿ ಹೋಗಿ ಊರನ್ನು ಸೂರೆ ಮಾಡಿದ. ಎರಡನ್ನೂ ಸೇರಿಸಿದರೆ ಆಯಿತು: ಸೂರೆಯಲ್ಲಿ ಬಂದ ದ್ವಾರಪಾಲಕ, ನೂರೈವತ್ತು ವರ್ಷದಿಂದ ಟಂಕಸಾಲೆಯ ಬಾಗಿಲಲ್ಲಿ ನಿಂತದ್ದು. ಊರವರ ಬಾಯಲ್ಲಿ ಕೀಲಪ್ಪ. ಅಜ್ಜನ ಕಾಲದಿಂದ ನೋಡಿದವರಿಗೆ ಅವನನ್ನು ಕಂಡು ಓಡಿಹೋಗುವ ಕಾರಣವಿಲ್ಲ, ಅವನು ಬಾಗಿಲು ಬಿಟ್ಟು ನಡೆದದ್ದಷ್ಟೇ ಸುದ್ದಿ.

ನಿಯಮದ ಕಡೆ ಒಂದು ತಪ್ಪು ತಿಳುವಳಿಕೆ ಎಲ್ಲೆಡೆ ಇದೆ. ಗಾಯ ಮಾಯಿಸುವ ಮಂತ್ರ ಯಂತ್ರಗಳ ಮೇಲೆ ನಡೆಯುವುದಿಲ್ಲ ಎಂಬುದು 2014ರ ನಿಯಮದಲ್ಲಿ ನಿಜ. ಆದರೆ ಆಟಗಾರರ ವಾರ್ಫೋರ್ಜ್ಡ್ ಯಂತ್ರ ವರ್ಗದ ಜೀವಿಯಲ್ಲ, ಹ್ಯೂಮನಾಯ್ಡ್ (ಮನುಷ್ಯರೂಪಿ) ವರ್ಗದ್ದು. ಆದ್ದರಿಂದ ವೈದ್ಯೆಯ ಕೈ ಕೀಲಪ್ಪನ ಮೇಲೂ ನಡೆಯುತ್ತದೆ. ಇದನ್ನು ಮೊದಲೇ ಓದಿ ಹೇಳಿಬಿಡಬೇಕು, ಕಾಳಗದ ನಡುವೆ ವಾದಕ್ಕೆ ಬಿದ್ದರೆ ಹದಿನೈದು ನಿಮಿಷ ಹೋದವು.

ಸರಪಳಿ ಕವಚ 16, ಗುರಾಣಿ 2, ಹುಟ್ಟಿನಿಂದ ಬಂದ 1: ಆರ್ಮರ್ ಕ್ಲಾಸ್ 19. ದರೋಡೆಕೋರನ ಹೊಡೆತ ಅವನಿಗೆ ತಾಗುವುದು ನಾಲ್ಕಕ್ಕೊಂದು. ಇಲ್ಲಿ ಗೇಮ್ ಮಾಸ್ಟರ್‌ಗಳ ಕೈ ತುರಿಸುತ್ತದೆ, ಶತ್ರುಗಳ +3 ಅನ್ನು +5 ಮಾಡುತ್ತಾರೆ. ಆಗ ಕೀಲಪ್ಪನಿಗೆ ತಾಗುವುದು ಶೇ. 25ರಿಂದ 35ಕ್ಕೆ ಏರಿತು, ಸರಿ; ಆದರೆ 14ರ ಹಂಸವ್ವನಿಗೆ 50 ಇದ್ದದ್ದು 60 ಆಯಿತು. ಒಬ್ಬನಿಗೆ ಹಾಕಿದ ದಂಡವನ್ನು ಐವರೂ ತೆತ್ತರು. ಈ ಮೇಜಿನಲ್ಲಿ ಅಂಕಿ ಮುಟ್ಟಲಿಲ್ಲ. ಶತ್ರುಗಳ ಗುರಿ ಬದಲಿಸಿದರು: ಕೀಲಪ್ಪನನ್ನು ಹೊಡೆಯುವ ಬದಲು ಹಗ್ಗ ಹಾಕಿ ಹಿಡಿದಿಡುವುದು, ಅಚ್ಚಿನ ಪೆಟ್ಟಿಗೆ ಹೊತ್ತು ಓಡುವುದು. ಐವರು ಒಂದನೇ ಲೆವೆಲ್‌ನವರಿಗೆ ಆರು ದರೋಡೆಕೋರರು, ಕಾಳಗದ ಕಷ್ಟ ಅಳೆಯುವ ಲೆಕ್ಕದಲ್ಲಿ 150 ಎಕ್ಸ್‌ಪೀರಿಯೆನ್ಸ್ ಪಾಯಿಂಟ್, ಗುಂಪಿನ ಲೆಕ್ಕಕ್ಕೆ ಎರಡರಿಂದ ಗುಣಿಸಿದರೆ 300. ಮಧ್ಯಮ ಕಷ್ಟಕ್ಕೆ 250 ಸಾಕು, ಕಠಿಣಕ್ಕೆ 375 ಬೇಕು. ವಿಚಿತ್ರ ಪಾತ್ರ ಇದ್ದಾವೆಂದು ಈ ಲೆಕ್ಕ ಬದಲಾಗಲಿಲ್ಲ, ಬದಲಿಸುವ ಅಗತ್ಯವೂ ಬೀಳಲಿಲ್ಲ.

ಕೀಲಪ್ಪನನ್ನು ಕಥೆಗೆ ಹೊಲಿದದ್ದು ಸುಂಕದ ಕಟ್ಟೆಯ ದೃಶ್ಯ. ಹೊಸ ದೊರೆಯ ಸುಂಕದವನು ಊರಿಗೆ ಹೊಸಬ. ಕೀಲಪ್ಪನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಇದು ಸರಕೋ, ಆಳೋ? ಸರಕಾದ್ರ ಸುಂಕಾ ಕೊಡ್ರಿ. ಆಳಾದ್ರ ಹೆಸರು ಹೇಳಲಿ." ಸುಂಕ ಎರಡು ಗದ್ಯಾಣ, ಹೊಸ ತಂಡದ ಕೈಯಲ್ಲಿ ಇದ್ದದ್ದು ಮೂರು. ಪರ್ಸ್ವೇಶನ್ (ಮನವೊಲಿಸುವ) ದಾಳಕ್ಕೆ 13 ಬೇಕು. ಬಮ್ಮಯ್ಯ ಸರಕು ಅಂದುಬಿಟ್ಟು ಹಣ ತೆಗೆಯಲು ಹೋದ, ವೈದ್ಯೆ ತಡೆದಳು, ಕೀಲಪ್ಪನ ಆಟಗಾರ ಅಲ್ಲಿಯವರೆಗೆ ಸುಮ್ಮನಿದ್ದವನು ಮೊದಲ ಸಲ ಪಾತ್ರದ ದನಿಯಲ್ಲಿ ತನ್ನ ಹೆಸರು ಹೇಳಿದ. ದಾಳ ಬಿದ್ದದ್ದು 11. ಸುಂಕ ಕಟ್ಟಬೇಕಾಯಿತು, ಚೀಟಿಯಲ್ಲಿ ಮಾತ್ರ ಸುಂಕದವನು 'ಕೀಲಪ್ಪ, ಆಳು' ಅಂತಲೇ ಬರೆದ. ಸೋತ ದಾಳಕ್ಕೂ ಏನಾದರೂ ಕೊಡುವುದು ಎಂದರೆ ಹೀಗೆ.

ಕೆಟ್ಟದ್ದು

ಮೊದಲನೆಯ ತೊಡಕು ಇದೇ ದೃಶ್ಯದ ಬೇರಿನಲ್ಲಿತ್ತು. ವಿಚಿತ್ರ ಪಾತ್ರವನ್ನು ಒಬ್ಬ ಸಾಮಾನ್ಯ ಪಾತ್ರಕ್ಕೆ ಕಟ್ಟಬೇಕು ಎಂಬ ಒಳ್ಳೆ ಸೂತ್ರದಿಂದ, ಕೀಲಪ್ಪನನ್ನು ಬಮ್ಮಯ್ಯನ ಅಜ್ಜನಿಗೆ ದತ್ತಿ ಕೊಟ್ಟ ತಾಮ್ರಶಾಸನ ಇದೆ ಎಂದು ಬರೆದಿದ್ದರು. ಕಾಗದದ ಮೇಲೆ ಚಂದ. ಮೂರನೇ ಸೆಷನ್‌ನಲ್ಲಿ ಒಣಬಾವಿಯ ಮುಂದೆ ಬಮ್ಮಯ್ಯ ಅಂದ: "ನೀ ಮುಂದ ನಡಿ. ಬಲಿ ಇದ್ರ ನೀನ ಬೀಳು." ಎರಡನೇ ಸಲ ಅಂದಾಗ ಕೀಲಪ್ಪನ ಆಟಗಾರ ಫೋನ್ ತೆಗೆದು ನೋಡುತ್ತ ಕೂತ. ಒಬ್ಬ ಆಟಗಾರನ ಪಾತ್ರದ ಒಡೆತನ ಇನ್ನೊಬ್ಬ ಆಟಗಾರನ ಕೈಗೆ ಬಂದರೆ, ಅಪ್ಪಣೆ ಪಾತ್ರದ ಬಾಯಿಂದ ಬಂದರೂ ತಾಗುವುದು ಎದುರಿಗೆ ಕೂತ ಮನುಷ್ಯನಿಗೆ. ಪಾತ್ರಗಳನ್ನು ಸಾಲದಿಂದ, ಋಣದಿಂದ, ಒಂದೇ ಗುಟ್ಟಿನಿಂದ ಕಟ್ಟಬಹುದು, ಒಡೆತನದಿಂದ ಕಟ್ಟಬಾರದು. ಸೆಷನ್ ಮುಗಿದ ಮೇಲೆ ಮೂವರೂ ಕೂತು ಮಾತಾಡಿ, ಶಾಸನವನ್ನು ಬಸದಿಯ ಭಂಡಾರಕ್ಕೆ ವರ್ಗಾಯಿಸಿದರು. ಮುಂದಿನ ವಾರ ಶಾಸನ ಓದಿಸಿದಾಗ ಅದರಲ್ಲಿ ಇದ್ದದ್ದು ಬೇರೆ: ದತ್ತಿ ಕೊಟ್ಟದ್ದು ಕೀಲಪ್ಪನನ್ನಲ್ಲ, ಕೀಲಪ್ಪನಿಗೆ. ಅವನ ಎಣ್ಣೆಗೆಂದು ಒಂದು ಗಾಣದ ಆದಾಯ. ಬಮ್ಮಯ್ಯನ ಮನೆತನ ಮೂರು ತಲೆಮಾರು ಅದನ್ನು ತಿಂದಿತ್ತು. ಈಗ ಸಾಲ ಇತ್ತಲಿಂದ ಅತ್ತಾಯಿತು, ಇಬ್ಬರೂ ಆಟಗಾರರು ನಕ್ಕರು.

ಎರಡನೆಯದು ಬಲೆ. ಬಲೆ ಎಸೆದರೆ ಸಿಕ್ಕವರ ವೇಗ ಸೊನ್ನೆ, ವೇಗ ಸೊನ್ನೆಯಾದರೆ ಹಾರುವವರು ಬೀಳುತ್ತಾರೆ. ಬಲೆ ಎಸೆಯಬಹುದಾದ ದೂರ 5 ಅಡಿ, ಹೆಚ್ಚೆಂದರೆ 15. ಗೇಮ್ ಮಾಸ್ಟರ್‌ಗೆ ಇದು ಬಹಳ ಹಿಡಿಸಿ, ಹಂಸವ್ವ ಮೂರನೇ ಲೆವೆಲ್ ಮುಟ್ಟುತ್ತಲೇ ದರೋಡೆಕೋರರು, ಕಾವಲುಗಾರರು, ಕಡೆಗೆ ಒಬ್ಬ ಪೂಜಾರಿಯ ಮನೆಯಲ್ಲೂ ಬಲೆ ಕಾಣಿಸಿಕೊಂಡಿತು. "ಅಣ್ಣಾ, ಇಡೀ ಊರು ನನ್ನ ಸಲುವಾಗಿ ಬಲಿ ಹೆಣದೈತೇನು?" ಎಂದು ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಆಮೇಲೆ ಬಲೆ ಕೆರೆಯ ಬೇಟೆಗಾರರ ಹತ್ತಿರ ಮಾತ್ರ ಇರಬೇಕು, ಉಳಿದವರು ಹತ್ತಿರ ಕಂಡವರಿಗೆ ಬಾಣ ಬಿಡಬೇಕು ಎಂದಾಯಿತು. ಬೇಟೆಗಾರರು ಎದುರಾದಾಗ ಅವಳಿಗೆ ಹೆದರಿಕೆ ಹುಟ್ಟಿದ್ದು ಆ ಮೇಲೆಯೇ.

ಮೂರನೆಯದನ್ನು ಕಂಡುಹಿಡಿಯಲು ಫೋನಿನ ಸ್ಟಾಪ್‌ವಾಚ್ ಬೇಕಾಯಿತು. ಊರಿನವರ ಜೊತೆಗಿನ ಮಾತುಕತೆ ಮೊದಲ ಸೆಷನ್‌ನಲ್ಲಿ ಸುಮಾರು ನಲವತ್ತು ನಿಮಿಷ. ಅದರಲ್ಲಿ ಅರ್ಧ ಗಂಟೆಯಷ್ಟು ಹಕ್ಕಿ ಮತ್ತು ಯಂತ್ರದ ಬಗ್ಗೆ. ಹೂ ಮಾರುವವಳು, ಗಾಣಿಗ, ಕುದುರೆ ಲಾಯದವನು, ಎಲ್ಲರೂ ಕಣ್ಣು ಬಿಡುವವರೇ. ನಾಣ್ಯ ಪರೀಕ್ಷಕ ಅಷ್ಟು ಹೊತ್ತು ಮಿರ್ಚಿ ಭಜಿ ತಿನ್ನುತ್ತ ಕೂತಿದ್ದ. (ಮೇಜಿನ ಮೇಲೆ ಮಿರ್ಚಿ ಇರಬಹುದು, ಕಥೆಯೊಳಗೆ ಬೇಡ, 1190ರಲ್ಲಿ ಈ ನಾಡಿಗೆ ಮೆಣಸಿನಕಾಯಿಯೇ ಬಂದಿರಲಿಲ್ಲ. ಖಾರಕ್ಕೆ ಕರಿಮೆಣಸು.) ಪರಿಹಾರವಾಗಿ ಒಂದು ಮಿತಿ: ಸೆಷನ್‌ಗೆ ಒಬ್ಬನೇ ಒಬ್ಬ ಊರಿನವನು ವಿಚಿತ್ರದ ಬಗ್ಗೆ ಮಾತಾಡುತ್ತಾನೆ. ಉಳಿದವರಿಗೆ ಅವರದೇ ಕೆಲಸವಿದೆ, ಮತ್ತು ಆ ಕೆಲಸ ಸಾಮಾನ್ಯ ಪಾತ್ರಗಳ ಕಡೆಗೆ ತಿರುಗಿರುತ್ತದೆ. ಹಗುರ ಗದ್ಯಾಣ ಸಿಕ್ಕ ಅಕ್ಕಸಾಲಿಗ ಹುಡುಕಿಕೊಂಡು ಬರುವುದು ನಾಣ್ಯ ಪರೀಕ್ಷಕನನ್ನು, ಕೀಲಪ್ಪನನ್ನಲ್ಲ.

ಕೊನೆಯ ಬಾವಿ

ಅಚ್ಚಿನ ಪೆಟ್ಟಿಗೆ ಇದ್ದದ್ದು ಒಂದು ಮೆಟ್ಟಿಲುಬಾವಿಯ ತಳದಲ್ಲಿ, ಹದಿನೈದು ಅಡಿ ನೀರಿನ ಕೆಳಗೆ, ಕೆಸರಿನಲ್ಲಿ. ಮೂಲ ದೃಶ್ಯ ನಿಂತದ್ದು ಉಸಿರಿನ ಮೇಲೆ. ಕಾನ್ಸ್ಟಿಟ್ಯೂಶನ್ (ಮೈಯ ತಾಳಿಕೆ) +1 ಇದ್ದವನು ಎರಡು ನಿಮಿಷ ಉಸಿರು ಹಿಡಿಯಬಲ್ಲ. ಈಜು ಎರಡರಷ್ಟು ವೇಗ ತಿನ್ನುವುದರಿಂದ ಒಂದು ಸರದಿಗೆ 15 ಅಡಿ. ಹುಡುಕಿ, ಅಗೆದು, ಮೇಲೆ ಬರುವಷ್ಟರಲ್ಲಿ ಜೀವ ಬಾಯಿಗೆ ಬರಬೇಕು. ಕೀಲಪ್ಪನಿಗೆ ಇದಾವುದೂ ಅನ್ವಯಿಸದು, ತಳದಲ್ಲಿ ನಡೆದುಕೊಂಡು ಹೋಗುತ್ತಾನೆ.

ನೀರಿಗೆ ಆಮ್ಲ ಸುರಿಯುವುದು, ಕೀಲುಗಳಿಗೆ ತುಕ್ಕು ಹಿಡಿಸುವುದು ಎಂಬ ಸಲಹೆಗಳು ಇಂಥಲ್ಲಿ ಬರುತ್ತವೆ. ನಿಯಮದಲ್ಲಿ ವಾರ್ಫೋರ್ಜ್ಡ್‌ಗೆ ತುಕ್ಕು ಇಲ್ಲ. ಏಳು ಸೆಷನ್ ಕಾದು ಆಟಗಾರನ ಶಕ್ತಿಗೆ ಬೆಲೆ ಬರುವ ದೃಶ್ಯ ಎದುರಾದಾಗ ಅದನ್ನು ಕಿತ್ತುಕೊಂಡರೆ ಆ ಪಾತ್ರವನ್ನು ಒಪ್ಪಿಕೊಂಡದ್ದೇ ಸುಳ್ಳಾಯಿತು. ಇಳಿಯುವುದು ಕೀಲಪ್ಪನೇ ಎಂದು ಇಟ್ಟುಕೊಂಡು ಕಷ್ಟವನ್ನು ಬೇರೆ ಮೂರು ಕಡೆ ಇಟ್ಟರು. ವಾರ್ಫೋರ್ಜ್ಡ್‌ಗೆ ಕತ್ತಲಲ್ಲಿ ಕಾಣುವ ಶಕ್ತಿ ಇಲ್ಲ, ಪಂಜು ನೀರಲ್ಲಿ ಉರಿಯದು. ವೈದ್ಯೆ ಒಂದು ಕಲ್ಲಿಗೆ ಬೆಳಕಿನ ಮಂತ್ರ ಹಾಕಿ ಕೊಟ್ಟಳು. ಒಣ ಜಾಗದಲ್ಲಿ ಇಪ್ಪತ್ತು ಅಡಿ ಬೆಳಗುವ ಆ ಕಲ್ಲಿಗೆ ಕೆಸರು ನೀರಲ್ಲಿ ಐದೇ ಅಡಿ ಎಂದು ತೀರ್ಪು. ನೀರೊಳಗಿಂದ ಮಾತು ಕೇಳದು, ಹಗ್ಗದ ಎಳೆತವೇ ಮಾತು: ಒಂದು ಸಲ ಎಳೆದರೆ ನಿಲ್ಲಿಸು, ಎರಡು ಸಲ ಎಳೆದರೆ ಮೇಲೆತ್ತು. ಪೆಟ್ಟಿಗೆ ಹೊತ್ತ ಲೋಹದ ಮೈ ಈಜಿ ಮೇಲೆ ಬರಲಾರದು, ಮೇಲಿದ್ದವರು ಎತ್ತಬೇಕು. ಬಲದ ದಾಳಕ್ಕೆ 15, ಇನ್ನೊಬ್ಬ ಕೈ ಹಚ್ಚಿದರೆ ಅಡ್ವಾಂಟೇಜ್.

ಅಷ್ಟರಲ್ಲಿ ಅಧಿಕಾರಿಯ ಆಳುಗಳು ಮೆಟ್ಟಿಲ ಮೇಲೆ ಇಳಿಯುತ್ತಿದ್ದರು. ಐದನೇ ಲೆವೆಲ್ ಮುಟ್ಟಿದ್ದ ಹಂಸವ್ವ ಅಂದು ಮೊದಲ ಸಲ ಗಾಳಿಯಲ್ಲೇ ನಿಂತು ಸರದಿ ಮುಗಿಸಿದಳು. ಹೀಗೆ ಒಂದೇ ಬಾವಿಯಲ್ಲಿ ಮೂರು ಅಂತಸ್ತಿನ ಕಾಳಗ: ತಳದಲ್ಲಿ ಒಬ್ಬ, ಮೆಟ್ಟಿಲ ಮೇಲೆ ಮೂವರು, ಮೇಲೆ ಒಬ್ಬಳು. ಝೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ತೆಗೆಸಿದ ಮೂರು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ಆಡಿದರು. ಹಗ್ಗ ಹಿಡಿದಿದ್ದವನು ಬಮ್ಮಯ್ಯ. ಕೆಳಗಿಂದ ಎರಡು ಎಳೆತ ಬಂದಾಗ ಅವನ ಮುಂದೆ ಒಬ್ಬ ಕತ್ತಿ ಹಿರಿದು ನಿಂತಿದ್ದ. ಹಗ್ಗ ಬಿಟ್ಟು ಬಿಲ್ಲು ಹಿಡಿಯಬೇಕೋ, ಪೆಟ್ಟು ತಿಂದು ಎಳೆಯಬೇಕೋ? ಎಳೆದ, ಪೆಟ್ಟೂ ತಿಂದ, ದಾಳ 17.

ರಾತ್ರಿ ಕಾವಲಿನ ಸಮಸ್ಯೆ ಮಾತ್ರ ಕ್ಯಾಂಪೇನ್ ಮುಗಿಯುವವರೆಗೂ ಬಗೆಹರಿಯಲಿಲ್ಲ. ವಾರ್ಫೋರ್ಜ್ಡ್ ಆರು ಗಂಟೆ ಅಲ್ಲಾಡದೆ ನಿಂತರೆ ಅವನ ವಿಶ್ರಾಂತಿ ಆಯಿತು, ಆ ಹೊತ್ತಿನಲ್ಲೂ ಕಣ್ಣು ಕಿವಿ ಎಂದಿನಂತೆ ತೆರೆದಿರುತ್ತವೆ. ಅಂದಮೇಲೆ ಸರದಿ ಕಾವಲು, ಜೋಂಪು ಹತ್ತಿದ ಕಾವಲುಗಾರ, ನಡುರಾತ್ರಿಯ ಆಪ್ತ ಮಾತು, ಎಲ್ಲಕ್ಕೂ ಕತ್ತರಿ. ಎರಡು ಸಲ ರಾತ್ರಿ ದಾಳಿ ಪ್ರಯತ್ನಿಸಿದರು, ಎರಡೂ ಸಲ ಕೀಲಪ್ಪ ಕೂಗಿ ಎಬ್ಬಿಸಿದ. ನಾಲ್ಕನೇ ಸೆಷನ್ ಆದಮೇಲೆ ಗೇಮ್ ಮಾಸ್ಟರ್ ರಾತ್ರಿ ದಾಳಿಗಳನ್ನು ಕೈಬಿಟ್ಟ, ಆ ಹೊತ್ತನ್ನು ಬೆಳಗಿನ ಸಂತೆಗೆ ಕೊಟ್ಟ.